ಕಸೂತಿಗೆ ಬೆಲೆ ಕಟ್ಟುವ ಬಗೆ
(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣ)



ಹುಬ್ಬಳ್ಳಿ-ಧಾರವಾಡದ ಕಸೂತಿಯನ್ನು ಆಂಟಾಪ್ ಹಿಲ್ಲಿನ ಚಿಕ್ಕ ಕೋಣೆಗಳಲ್ಲಿ ಹಾಕುವವರು ನೀವು. ಸೂಜಿ ಹಿಡಿಯಲು ನನಗೆ ಬಾರದು; ಗಿರಣಿಯ ಗುಮಾಸ್ತನಾದ ನಾನು ಲೆಕ್ಕದ ಮಾತನ್ನಷ್ಟೇ ಆಡಬಲ್ಲೆ.

ಗವಂತಿ ಹೊಲಿಗೆಯಲ್ಲಿ ದಾರ ಒಂದು ಸಲ ಹೋಗಿ, ಬಿಟ್ಟ ತೆರಪುಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳುತ್ತದೆ. ಗಂಟಿಲ್ಲ, ಎರಡೂ ಮಗ್ಗುಲು ಒಂದೇ ರೂಪ. ನೋಡುವವರಿಗೆ ಕಾಣುವುದು ಮಾತ್ರ ಒಂದೇ ಗೆರೆ. "ಇಷ್ಟಕ್ಕೆ ಇಷ್ಟು ಹಣವೇ?" ಎನ್ನುವವರಿಗೆ ಸೆರಗನ್ನು ಮಗುಚಿ ತೋರಿಸಿರಿ. ಗಂಟೆಗೆ 60 ರೂಪಾಯಿ ಹಿಡಿದರೂ 40 ಗಂಟೆಯ ಸೆರಗಿಗೆ 2400 ಆಯಿತು; ದಾರದ ಬೆಲೆ ಬೇರೆ. ಚೌಕಾಶಿ ಮಾಡಿದರೆ ದರ ಇಳಿಸಬೇಡಿರಿ, ಕೆಲಸ ಇಳಿಸಿರಿ: ಗೋಪುರದ ಬದಲು ಸಣ್ಣ ತುಳಸಿಕಟ್ಟೆ ಸಾಲದೇ?

ಅರ್ಧ ಕೆಲಸವಾದ ಮೇಲೆ ಚಿತ್ತಾರ ಬದಲಿಸುವ ಗಿರಾಕಿಗಳದು ಬೇರೆ ಕಷ್ಟ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹಾಕುವುದು. ಮೊದಲೇ ತೋರಿಸಲು ಏನೂ ಇರುವುದಿಲ್ಲ. ಆದ್ದರಿಂದ ತುಂಡು ಬಟ್ಟೆಯ ಮೇಲೆ ಮಾದರಿ ಹಾಕಿ ಒಪ್ಪಿಸಿ, ಬಣ್ಣ, ಅಳತೆ, ದಿನಾಂಕ ಬರೆದು, ಅರ್ಧ ಹಣ ಮುಂಗಡ ಪಡೆಯಿರಿ. ನೆಂಟರಿಗೂ ಇದೇ ನಿಯಮ. (ಬಾಕಿ ಇಡುವವರಲ್ಲಿ ಅವರೇ ಮುಂದು!) ಬಿಚ್ಚುವ ಕೆಲಸಕ್ಕೂ ಗಂಟೆಯ ಲೆಕ್ಕ ಹಿಡಿಯಿರಿ, ರೇಷ್ಮೆಯಲ್ಲಿ ಸೂಜಿಯ ತೂತು ಉಳಿಯಬಹುದೆಂದು ಮೊದಲೇ ಹೇಳಿಡಿರಿ.

ಚೀಟಿಯ ಒಂದು ನಮೂನೆಯನ್ನು ಬರೆದು ಪತ್ರಿಕೆಗಳ ಮೇಜಿನ ಮೇಲಿಟ್ಟಿದ್ದೇನೆ. ಬೇಕಾದವರು ಪ್ರತಿ ಮಾಡಿಕೊಳ್ಳಬಹುದು.