ಧನುಷ್ಕೋಟಿ: ಊರು ಸತ್ತಿತೆಂದವರು ಯಾರು?

(ಚೆನ್ನೈ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಕಾಶಿ-ರಾಮೇಶ್ವರವೆಂಬ ಜೋಡುಮಾತು ನಮ್ಮ ಮನೆಗಳಲ್ಲಿ ಹಳೆಯದು. ಸೇತುವಿನಲ್ಲಿ ಮಿಂದು, ಅಲ್ಲಿಯ ಮರಳನ್ನು ಪ್ರಯಾಗದಲ್ಲಿ ವಿಸರ್ಜಿಸಿ, ಗಂಗೋದಕವನ್ನು ತಂದು ರಾಮನಾಥನಿಗೆ ಅಭಿಷೇಕ ಮಾಡಿದರೆ ಯಾತ್ರೆ ಪೂರ್ಣವೆಂದು ನಮ್ಮ ಹಿರಿಯರು ನಂಬಿದ್ದರು. ಆ ಮರಳಿನ ಊರೇ ಧನುಷ್ಕೋಟಿ. ಅಲ್ಲಿಗೆ ಹೋಗಿ ಬಂದಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯೊಂದನ್ನು ತಮ್ಮ ಮುಂದಿಡುತ್ತೇನೆ. ಒಂದು ಊರು ಸತ್ತಿತೆಂದು ನಿರ್ಣಯಿಸುವ ಅಧಿಕಾರ ಯಾರದು?

1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ, ಎಗ್ಮೋರಿನಲ್ಲಿ ಬೋಟ್ ಮೇಲ್ ಹತ್ತಿದವರು ಧನುಷ್ಕೋಟಿಯಲ್ಲಿಳಿದು, ಹಡಗೇರಿ ತಲೈಮನ್ನಾರಿಗೆ, ಅಲ್ಲಿಂದ ಮತ್ತೆ ರೈಲಿನಲ್ಲಿ ಕೊಲಂಬೊಗೆ ಹೋಗುತ್ತಿದ್ದರು. ವ್ಯಾಪಾರಿಗಳು, ಯಾತ್ರಿಕರು, ಸಿಲೋನಿನ ಚಹಾತೋಟಗಳಲ್ಲಿ ಕೂಲಿ ಅರಸಿ ಹೊರಟವರು ಎಲ್ಲರಿಗೂ ಅದು ಹೊಸ್ತಿಲು. ಹೊಟ್ಟೆಪಾಡಿಗಾಗಿ ಗಡಿ ದಾಟಿ ಬಂದ ನಮ್ಮಂಥವರಿಗೆ ಆ ಪ್ಲಾಟ್‌ಫಾರಂ ಪರಕೀಯವೆನಿಸಲಾರದು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಅಪ್ಪಳಿಸಿತು. ಪಾಂಬನ್‌ನಿಂದ ಹೊರಟಿದ್ದ 653ನೆಯ ಸಂಖ್ಯೆಯ ಪ್ಯಾಸೆಂಜರ್ ರೈಲು ನಿಲ್ದಾಣ ಸೇರುವ ಮುನ್ನವೇ ಅಲೆಗಳ ಪಾಲಾಯಿತು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಸತ್ತವರು 115 ಎನ್ನುವುದು ರೂಢಿಯ ಲೆಕ್ಕ. ಟಿಕೆಟಿಲ್ಲದೆ ಹತ್ತಿದವರನ್ನೂ ಸೇರಿಸಿದರೆ 200 ಆದೀತೆನ್ನುವವರಿದ್ದಾರೆ. ಚೀಟಿಯಿಲ್ಲದವನ ಸಾವಿಗೂ ದಾಖಲೆಯಿಲ್ಲ, ನೋಡಿ!

ಬಳಿಕ ಮದರಾಸು ಸರಕಾರವು ಊರನ್ನು ವಾಸಕ್ಕೆ ಅಯೋಗ್ಯವೆಂದು ಸಾರಿತು. ಮುರಿದ ಪಾಂಬನ್ ಸೇತುವೆಯನ್ನು ಇ. ಶ್ರೀಧರನ್ ಅವರ ನೇತೃತ್ವದಲ್ಲಿ 46 ದಿನಗಳೊಳಗೆ ಸರಿಪಡಿಸಲಾಯಿತು. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲನ್ನು ತಂದವರೂ ಅವರೇ. ರೈಲು ರಾಮೇಶ್ವರಕ್ಕೆ ಮರಳಿತು, ಧನುಷ್ಕೋಟಿಗೆ ಮರಳಲಿಲ್ಲ. ಹಡಗೂ ಕೆಲವು ಕಾಲ ರಾಮೇಶ್ವರದಿಂದಲೇ ಹೊರಟು, ಆಮೇಲೆ ಲಂಕೆಯ ಕಲಹದ ದಿನಗಳಲ್ಲಿ ನಿಂತುಹೋಯಿತು.

ಇಂದು ಅಲ್ಲಿ ಕಾಣುವುದು ಹವಳದ ಕಲ್ಲುಗಳಿಂದ ಕಟ್ಟಿದ ಇಗರ್ಜಿಯ ಮಾಡಿಲ್ಲದ ಗೋಡೆಗಳು, ರೈಲು ನಿಲ್ದಾಣದ ಅವಶೇಷ, ನೀರಿನ ತೊಟ್ಟಿಯ ಕಂಬಗಳು. ಎರಡೂ ಕಡೆ ಕಡಲು. ಆದರೆ ಅದೇ ಗೋಡೆಗಳ ನೆರಳಿನಲ್ಲಿ ಗುಡಿಸಲುಗಳಿವೆ, ಬಲೆಗಳು ಒಣಗುತ್ತಿವೆ, ಮಕ್ಕಳು ಓಡಾಡುತ್ತಿದ್ದಾರೆ. ಹೆಂಗಸರು ಮರಳಿನಲ್ಲಿ ಗುಂಡಿ ತೋಡಿ ಸಿಹಿನೀರು ಮೊಗೆಯುತ್ತಾರೆ. ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲೆಯೇ ನಿಂತಿರುತ್ತದೆ. ತುಸು ಹೆಚ್ಚು ಅಗೆದರೆ ಉಪ್ಪು. ಎಷ್ಟು ಆಳಕ್ಕೆ ಕೈ ನಿಲ್ಲಿಸಬೇಕೆಂಬುದು ಅವರಿಗೆ ತಿಳಿದಿದೆ.

ಸಂಜೆ ಪ್ರವಾಸಿಗರನ್ನು ಹೊರಡಿಸುವ ಹೊತ್ತಿಗೆ, ಚಿಪ್ಪಿನ ಸರ ಮಾರುತ್ತಿದ್ದ ಮುದುಕಿಯನ್ನು ನನ್ನ ಹರಕುಮುರುಕು ತಮಿಳಿನಲ್ಲಿ ಕೇಳಿದೆ: “ಪಾಟಿ, ನೀವು ಎಷ್ಟು ಹೊತ್ತಿಗೆ ಊರಿಗೆ ಹೋಗುತ್ತೀರಿ?” ಆಕೆ ಸರಗಳನ್ನು ಬುಟ್ಟಿಗೆ ತುಂಬುತ್ತ, “ಊರು ಇದೇ ಅಲ್ಲವೇ ಸಾಮಿ” ಎಂದಳು.

ಸರಕಾರದ ಭಯ ಸುಳ್ಳಲ್ಲ. ಅಂಥದೇ ಗಾಳಿ ಮತ್ತೆ ಬರಬಹುದು. ಆದರೆ ಅಯೋಗ್ಯವೆಂಬ ಒಂದು ಪದ ಆಡಳಿತಕ್ಕೆ ಎಷ್ಟು ಅನುಕೂಲ! ಸತ್ತ ಊರಿಗೆ ನೀರು, ದೀಪ, ಹಕ್ಕುಪತ್ರ ಕೊಡಬೇಕಾದ ತುರ್ತಿಲ್ಲ. ಸುಂಕದವರು, ರೈಲಿನವರು, ಅಂಚೆಯವರು ಹೊರಟುಹೋದುದನ್ನೇ ಊರಿನ ಸಾವೆಂದು ಕರೆದೆವು. ಮೀನುಗಾರನಿಗೆ ವರ್ಗಾವಣೆಯ ಆದೇಶ ಬರುವುದಿಲ್ಲವಷ್ಟೆ. 2017ರಲ್ಲಿ ಅರಿಚಲ್‌ಮುನೈವರೆಗೆ ಒಳ್ಳೆಯ ರಸ್ತೆಯಾಯಿತು, ನೋಡಬರುವವರಿಗಾಗಿ. ಬಾಳಲು ಅಯೋಗ್ಯವಾದ ನೆಲ ನೋಡಲು ಯೋಗ್ಯವಾಯಿತು.

ಮಳೆಗಾಲದಲ್ಲಿ ಉಳ್ಳಾಲದ ಕಡಲಕೊರೆತದ ಸುದ್ದಿ ಓದುವಾಗ ನನಗೆ ಆ ಗುಡಿಸಲುಗಳು ನೆನಪಾಗುತ್ತವೆ. ಅಲ್ಲಿಯೂ ಕಲ್ಲು ಸುರಿಯುವುದರ ಮಾತು ಬಹಳ, ಮನೆ ಕಳೆದುಕೊಂಡವನು ದೋಣಿಯನ್ನು ಎಲ್ಲಿ ಕಟ್ಟಬೇಕೆಂಬ ಮಾತು ಕಡಿಮೆ.

ನಮ್ಮ ಸಂಘದ ರಾಮೇಶ್ವರ ಯಾತ್ರೆಯ ಕಾರ್ಯಕ್ರಮಪಟ್ಟಿಯಲ್ಲಿ ಧನುಷ್ಕೋಟಿಗೆ ಅರ್ಧ ಗಂಟೆಯಿಟ್ಟಿದ್ದಾರೆ. ಅದನ್ನು ಅರ್ಧ ದಿನವಾಗಿಸಬೇಕೆಂದು ಕಾರ್ಯದರ್ಶಿಗಳಲ್ಲಿ ಕೋರುತ್ತೇನೆ. ಊಟವನ್ನು ರಾಮೇಶ್ವರದಿಂದ ಕಟ್ಟಿಕೊಂಡು ಹೋಗದೆ, ಅಲ್ಲಿಯವರ ಕೈಯಲ್ಲೇ ಮಾಡಿಸಿಕೊಳ್ಳೋಣ.