ಬಂಗಾರದ ಹಿನ್ನೆಲೆ, ಬಣ್ಣದ ಗಾಜು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನೀವು ಮೆದಕ್ ಚರ್ಚಿನ ಹೆಸರು ಕೇಳಿಯೇ ಇರುತ್ತೀರಿ. ಅಲ್ಲಿನ ಬಣ್ಣದ ಗಾಜಿನ ಕಿಟಕಿಗಳಿಗೆ ಹಿರಿಯ ಬಂಧುವಿನಂಥದ್ದೊಂದಿದೆ: ಹಳೆಯ ಚಿತ್ರಗಳ ಬಂಗಾರದ ಹಿನ್ನೆಲೆ. ಮೊದಲು ಅದರ ಮಾತು.

ಹದಿನಾಲ್ಕನೆಯ ಶತಮಾನದ ಇಟಲಿಯಲ್ಲಿ ಮಾತೆ ಮರಿಯಳನ್ನು ಬರೆಯುವವರು ಅವಳ ಹಿಂದೆ ಸಾಮಾನ್ಯವಾಗಿ ಆಕಾಶ ಬರೆಯುತ್ತಿರಲಿಲ್ಲ, ಬಂಗಾರ ಕೂರಿಸುತ್ತಿದ್ದರು. ಸಿಯೆನಾ ನಗರದ ದುಚ್ಚೊ 1308ರಿಂದ 1311ರವರೆಗೆ ಬರೆದ ‘ಮಾಯೆಸ್ತಾ’ ಎಂಬ ಮರಿಯಳ ಚಿತ್ರ ಇದಕ್ಕೆ ದೊಡ್ಡ ಸಾಕ್ಷಿ. ಬಂಗಾರದ ಮುಂದೆ ಕೂತವಳಿಗೆ ಊರಿಲ್ಲ, ಹೊತ್ತಿಲ್ಲ, ನೆರಳೂ ಬೀಳದು. ಅದು ಪರಲೋಕದ ಬೆಳಕು.

ಕೆಲಸ ಬಲು ನಾಜೂಕು. ಹಲಗೆಗೆ ಜಿಪ್ಸಂ ಮತ್ತು ಅಂಟಿನ ಲೇಪ, ಅದರ ಮೇಲೆ ನುಣುಪಾದ ಕೆಂಪು ಮಣ್ಣು, ಮೇಲೆ ಬಂಗಾರದ ರೇಕು. ಆಮೇಲೆ ನಯಗಲ್ಲಿನಿಂದ ತಿಕ್ಕಿ ಹೊಳಪು. 1400ರ ಸುಮಾರಿಗೆ ಚಿತ್ರಕಾರ ಚೆನ್ನೀನೊ ಚೆನ್ನೀನಿ ತನ್ನ ಕೈಪಿಡಿಯಲ್ಲಿ, ಒಂದು ಬಂಗಾರದ ನಾಣ್ಯದಿಂದ 145 ರೇಕು ಬಡಿಯುವವರಿದ್ದರೂ ನೂರಕ್ಕಿಂತ ಹೆಚ್ಚು ಬೇಡ ಎನ್ನುತ್ತಾನೆ. ಹಳೆಯ ಚಿತ್ರಗಳಲ್ಲಿ ಬಂಗಾರ ಸವೆದಲ್ಲಿ ಆ ಕೆಂಪು ಮಣ್ಣು ಈಗಲೂ ಇಣುಕುತ್ತದೆ. ನಮ್ಮ ಮೈಸೂರು ಚಿತ್ರಕಾರರೂ ಲೇಪ ಉಬ್ಬಿಸಿ ರೇಕು ಹಚ್ಚಿದವರೇ. ಆದರೆ ಅವರ ಬಂಗಾರ ಹೆಚ್ಚಾಗಿ ದೇವರ ಒಡವೆಗೆ, ಮಂಟಪಕ್ಕೆ; ಸಿಯೆನಾದವರದು ಮೂರ್ತಿಯ ಹಿಂದೆ ತುಂಬಾ.

1435ರಲ್ಲಿ ಇಟಲಿಯ ಚಿಂತಕ ಆಲ್ಬೆರ್ತಿ ಚಿತ್ರದಲ್ಲಿ ಹೀಗೆ ಬಂಗಾರ ಬಳಸುವುದಕ್ಕೆ ತಕರಾರು ತೆಗೆದ. ನೋಡುವವನು ನಿಂತ ಜಾಗ ಬದಲಿಸಿದರೆ ರೇಕು ಒಂದು ಕಡೆ ಹೊಳೆಯುತ್ತದೆ, ಇನ್ನೊಂದು ಕಡೆ ಕಪ್ಪಾಗುತ್ತದೆ. ಬಂಗಾರದ ಹೊಳಪನ್ನೂ ಬಣ್ಣದಲ್ಲೇ ತೋರಿಸುವವನೇ ನಿಜವಾದ ಚಿತ್ರಕಾರ ಎಂದ. ಕ್ರಮೇಣ ಬಂಗಾರ ಹೋಗಿ ಬೆಟ್ಟ, ಹೊಳೆ, ಮೋಡ ಬಂದವು. ಆಲ್ಬೆರ್ತಿ ದೋಷವೆಂದದ್ದೇ ಆ ಚಿತ್ರಗಳ ಜೀವ ಎಂದು ನನಗನಿಸುತ್ತದೆ. ಮೇಣದಬತ್ತಿ ಅಲುಗಿದರೆ, ಭಕ್ತ ಮಂಡಿಯೂರಿದರೆ, ಬೆಳಕೂ ಜೊತೆಗೆ ಸರಿಯುತ್ತಿತ್ತು.

ಆಲ್ಪ್ಸ್ ಪರ್ವತದ ಉತ್ತರದಲ್ಲಿ ಅದೇ ಕೆಲಸವನ್ನು ಗಾಜು ಮಾಡಿತು. ಮಧ್ಯಯುಗದ ಗಾಥಿಕ್ ಶೈಲಿಯ ಚರ್ಚುಗಳಲ್ಲಿ ಗೋಡೆ ತೆರೆದು ದೊಡ್ಡ ಕಿಟಕಿಯಾಯಿತು, ಚಿತ್ರಕ್ಕೆ ಸೂರ್ಯನೇ ಹಿನ್ನೆಲೆಯಾದ. ಆ ಪರಂಪರೆ ಮೆದಕ್ಕಿಗೂ ಬಂತು. ಬರದ ದಿನಗಳಲ್ಲಿ ಜನಕ್ಕೆ ಕೂಲಿ ಸಿಗಲೆಂದು ಮಿಶನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಕಟ್ಟಿಸಿದ ಈ ಚರ್ಚಿನ ಪ್ರತಿಷ್ಠೆ 1924ರ ಡಿಸೆಂಬರ್ 25ರಂದು ನಡೆಯಿತು. ಕಿಟಕಿಗಳು ಒಮ್ಮೆಲೇ ಬರಲಿಲ್ಲ: ಸ್ವರ್ಗಾರೋಹಣದ್ದು 1927ರಲ್ಲಿ, ಯೇಸುವಿನ ಜನನದ್ದು 1947ರಲ್ಲಿ, ಶಿಲುಬೆಯದು 1958ರಲ್ಲಿ.

ಹೋಗುವವರು ಹಗಲಿನಲ್ಲೇ ಹೋಗಿ; ಕತ್ತಲಾದರೆ ಒಳಗಿನಿಂದ ಗಾಜಿನ ಚಿತ್ರ ಕಾಣದು. ಬೆಳಗ್ಗೆ ನೋಡಿದ ಕಿಟಕಿಯನ್ನೇ ಇಳಿಹೊತ್ತಿನಲ್ಲಿ ಮತ್ತೊಮ್ಮೆ ನೋಡಿ, ಯಾವ ಬಣ್ಣ ಎದ್ದಿದೆ, ಯಾವುದು ಅಡಗಿದೆ ಎಂದು ಗಮನಿಸಿ.