ಅಮ್ಮ ಸುಮ್ಮನೆ ಕೂತ ಎರಡು ದಿನ

(ಮಹಿಳಾ ವೇದಿಕೆಯ ಕೂಟದಲ್ಲಿ ಆಡಿದ ಮಾತುಗಳು)

ವಾರಾಂತ್ಯದ ಪ್ರವಾಸದ ಬಗ್ಗೆ ಮಾತಾಡಿ ಅಂದಿದ್ದೀರಿ. ನಾನು ಸಾಫ್ಟ್‌ವೇರ್‌ನವಳು, ಸ್ಲೈಡ್ ಇಲ್ಲದೆ ಮಾತಾಡಿ ರೂಢಿಯಿಲ್ಲ. ತಪ್ಪಿದರೆ ಕ್ಷಮಿಸಿ.

ಕಳೆದ ನವೆಂಬರ್‌ನಲ್ಲಿ ಅಮ್ಮನ ಜೊತೆ ಭಂಡಾರದರಾಕ್ಕೆ ಹೋಗಿದ್ದೆ. ನಮ್ಮ ಪುಣೆಯಿಂದ ನಾಸಿಕ್ ರಸ್ತೆ ಹಿಡಿದು, ಸಂಗಮನೇರ್‌ನಲ್ಲಿ ತಿರುಗಿ, ಅಕೋಲೆ, ರಾಜೂರ್ ದಾಟಿದರೆ ಸಹ್ಯಾದ್ರಿಯ ನಡುವೆ ಈ ಸಣ್ಣ ಊರು. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1,646 ಮೀಟರ್, ಅಲ್ಲೇ ಹತ್ತಿರ. ಮಳೆಗಾಲಕ್ಕೆ ಸ್ವಲ್ಪ ಮೊದಲು ಮಿಂಚುಹುಳು ನೋಡಲು ಜನ ಮುಗಿಬೀಳುತ್ತಾರೆ. ನಾವು ಹೋದಾಗ ಗದ್ದಲವಿರಲಿಲ್ಲ. ನೀರು ತುಂಬಿತ್ತು, ಗುಡ್ಡಗಳು ಇನ್ನೂ ಹಸಿರಾಗಿದ್ದವು.

“ಇದು ದೇವರು ಮಾಡಿದ ಕೆರೆಯೋ, ಮನುಷ್ಯರು ಕಟ್ಟಿದ್ದೋ?” ಅಂತ ಅಮ್ಮ ಕೇಳಿದರು. ಪ್ರವರಾ ನದಿಗೆ ಕಟ್ಟಿದ ವಿಲ್ಸನ್ ಅಣೆಕಟ್ಟಿನ ಹಿನ್ನೀರು ಅದು. ಕಟ್ಟೆ ಮುಗಿದದ್ದು 1926ರಲ್ಲಿ. “ನಮ್ಮಮ್ಮ ಹುಟ್ಟೋಕೂ ಮುಂಚಿನದು,” ಅಂದರು.

ನಾವು ಇಳಿದುಕೊಂಡದ್ದು ಒಂದು ಮನೆಯಲ್ಲಿ. ಮೊದಲ ದಿನ ಬೆಳಗ್ಗೆ ಐದಕ್ಕೇ ಎದ್ದ ಅಮ್ಮ ಹಾಸಿಗೆ ಮಡಿಸಿ, ಕಸ ಗುಡಿಸಲು ಪೊರಕೆ ಹುಡುಕುತ್ತಿದ್ದರು! “ಸುಮ್ನೆ ಕೂತ್ಕೊಳ್ಳಮ್ಮ” ಅಂತ ಗದರಿದೆ. “ನೀನು ಕೂತಿದ್ದೀಯೇನೇ?” ಅಂದರು. ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು.

ಮಧ್ಯಾಹ್ನ ಮನೆಯ ಯಜಮಾನಿ ನಾಚಣಿ ಭಾಕರಿ ತಟ್ಟುತ್ತಿದ್ದರು. ಅಮ್ಮ ಇಣುಕಿ, “ಅಯ್ಯೋ, ಇದು ನಮ್ಮ ರಾಗಿ ರೊಟ್ಟಿ ಕಣೇ!” ಅಂತ ಸೀದಾ ಒಲೆ ಮುಂದೆ ಹೋದರು. ನಮ್ಮದು ತುಮಕೂರು ಕಡೆ. ಅಮ್ಮನಿಗೆ ಮರಾಠಿಯ ಗಂಧವಿಲ್ಲ. ಆದರೆ ಆಕೆ ಅಮ್ಮನ ಕೈಯಿಂದ ಹಿಟ್ಟು ತೆಗೆದುಕೊಂಡು, “ಬಸಾ, ಆಜಿ, ಬಸಾ” ಅಂತ ಮಣೆ ಹಾಕಿ ಕೂರಿಸಿ, ಬಿಸಿ ರೊಟ್ಟಿ ಬಡಿಸಿದರು. ಅಮ್ಮನ ಕಣ್ಣು ತುಂಬಿತು. ಹೊಗೆ ಅಂದರು.

ರಾತ್ರಿ ಅವರೇ ಹೇಳಿದರು: “ಅಜ್ಜಿ ಹೋದ ಮೇಲೆ ನನ್ನನ್ನ ಹಿಂಗೆ ಕೂರಿಸಿ ಬಡಿಸಿದೋರು ಯಾರೂ ಇಲ್ಲ ಕಣೇ.” ಅಜ್ಜಿ ಹೋಗಿ ಹನ್ನೊಂದು ವರ್ಷ. ಅಷ್ಟು ವರ್ಷದಿಂದ ಅಮ್ಮನಿಗೆ ತವರೇ ಇರಲಿಲ್ಲ ಅನ್ನೋದು ನನಗೆ ಹೊಳೆದಿರಲೇ ಇಲ್ಲ. ನಾನೋ ವರ್ಷಕ್ಕೆರಡು ಸಲ ತವರಿಗೆ ಹೋಗಿ ಅವರ ಕೈಯಲ್ಲೇ ದೋಸೆ ಹುಯ್ಯಿಸಿಕೊಂಡು ಬರುತ್ತಿದ್ದೆ!

ಹಿಂದೆ ನಮ್ಮ ಹೆಣ್ಣುಮಕ್ಕಳಿಗೆ ರಜೆ ಅಂದರೆ ತವರು. ಮರುದಿನ ನಮ್ಮ ಯಜಮಾನಿಯನ್ನೂ ಕೇಳಿದೆ, ನಿಮಗೆ ರಜೆ ಯಾವಾಗ ಅಂತ. ನಕ್ಕು, “ಮಾಹೇರಿಗೆ ಹೋದಾಗ” ಅಂದರು. ಮಾಹೇರ್ ಅಂದರೆ ತವರೇ. ಎರಡು ವರ್ಷದಿಂದ ಹೋಗಿರಲಿಲ್ಲವಂತೆ. ನಮ್ಮ ವಿಶ್ರಾಂತಿಗೆ ದುಡಿಯುತ್ತಿದ್ದವರೂ ಇನ್ನೊಬ್ಬ ಹೆಣ್ಣುಮಗಳೇ. ಹೊರಡುವಾಗ ಬಾಡಿಗೆಯಲ್ಲಿ ನಾನು ಚೌಕಾಶಿ ಮಾಡಲಿಲ್ಲ. ಅಮ್ಮ ತಮ್ಮ ಹೊಸ ಸೀರೆಯನ್ನು ಆಕೆಯ ಮಡಿಲಿಗೆ ಹಾಕಿದರು, ಮಗಳನ್ನು ಕಳಿಸಿಕೊಡುವ ಹಾಗೆ.

ರತನವಾಡಿಯ ಅಮೃತೇಶ್ವರನ ಹಳೆಯ ಕಲ್ಲಿನ ಗುಡಿ ನೋಡಿಕೊಂಡು ಬಂದೆವು. ರತನಗಡ ಹತ್ತಲಿಲ್ಲ, ಪಟ್ಟಿ ಮಾಡಿಕೊಂಡಿದ್ದ ಅರ್ಧ ಜಾಗ ನೋಡಲಿಲ್ಲ. ಸಂಜೆಯೆಲ್ಲ ನೀರಿನ ದಂಡೆಯಲ್ಲಿ ಕೂತಿದ್ದೆವು. ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ಸೋಮವಾರ ನೋಡಿದರೆ ಏನೂ ಮುಳುಗಿರಲಿಲ್ಲ.

ಈಗ ಅಮ್ಮ ಬಂದಾಗ ಭಾನುವಾರದ ತಿಂಡಿ ನನ್ನದು. ಉಪ್ಪು ಹೆಚ್ಚುಕಮ್ಮಿ ಆಗುತ್ತೆ. ಅಮ್ಮ ಎರಡು ಸಲ ಎದ್ದು ಬರುತ್ತಾರೆ, ಮೂರನೇ ಸಲ ಕೂರುತ್ತಾರೆ.

ನಿಮ್ಮ ಮನೆಯಲ್ಲೂ ತವರು ಇಲ್ಲದ ಒಬ್ಬ ಅಮ್ಮ, ಅತ್ತೆ, ಅತ್ತಿಗೆ ಇರಬಹುದು. ಭಂಡಾರದರಾಕ್ಕೆ ಕರೆದುಕೊಂಡು ಹೋದರೆ ಸಂತೋಷ. ಆಗದಿದ್ದರೆ ನಾಳೆ ಬೆಳಗ್ಗೆ ಕೂರಿಸಿ ಒಂದು ರೊಟ್ಟಿ ಬಡಿಸಿ.